ಸಭೆಯ ಬಾಗಿಲಿಗೆ ನಾನು ಅಗುಳಿ

ನಾನು ಒಂದು ಅಗುಳಿ. ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಅಡ್ಡ ಹಾಕುವ ದಪ್ಪ ಮರದ ತುಂಡು. ಮಾಂಜರಾ ನದಿಯ ದಂಡೆಯಲ್ಲಿ ಜಾಲಿಮರವಾಗಿ ನಿಂತಿದ್ದ ನನ್ನನ್ನು ಕೊಡಲಿಯಿಂದ ಕಡಿದು, ಸೀಳಿ, ಉಳಿಯಿಂದ ಕೆತ್ತಿ, ಹಳ್ಳಿಯ ಕ್ರೈಸ್ತ ದೇವಾಲಯದ ಬಾಗಿಲಿಗೆ ಕೂರಿಸಿದರು. ನಾನು ಹುಟ್ಟಿದ್ದೇ ಏಟು ತಿಂದು.

ನನ್ನ ಮೊದಲ ಒಡೆಯ ಶಿಮ್ಯೋನಪ್ಪ, ಅಲ್ಲಿ ಕೂಡುವ ಭಕ್ತರ ಸಭೆಗೆ ಹಿರಿಯ. ಪಾಸ್ಟರು ಪಟ್ಟಣದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಉಳಿದ ಭಾನುವಾರಗಳೆಲ್ಲ ಅವನವೇ. ಪ್ರಾರ್ಥನೆ ಮಾಡುವವನು ಅವನು, ವೇದವಾಕ್ಯ ಓದುವವನು ಅವನು, ಹಾಡು ಎತ್ತುವವನೂ ಅವನೇ. ತಡವಾಗಿ ಬಂದವರಿಗೆ ನನ್ನನ್ನೇ ಅಡ್ಡ ಹಾಕುತ್ತಿದ್ದ. ಹೊಲದಿಂದ ಓಡಿಬಂದ ಹೆಂಗಸರು ಬಿಸಿಲಲ್ಲಿ ನಿಂತು, ಒಳಗಿನ ಹಾಡು ಕೇಳಿ ಮನೆಗೆ ಹೋಗುತ್ತಿದ್ದರು.

ಒಂದು ಈಸ್ಟರ್ ಬೆಳಿಗ್ಗೆ ಅವನ ತಮ್ಮ ಮಾಣಿಕಪ್ಪ ಎದ್ದು ನಿಂತ. "ಅಣ್ಣಾ, ನಿನ್ನ ಕಣ್ಣು ಮಂಜಾಗ್ಯಾವ. ಓದೂದು ನಿನಗ ಕಷ್ಟ ಆಗ್ತದ. ಇವತ್ತ ನನ್ನ ಮಗಳು ಓದಲಿ."

"ನನ್ನ ಕುರುಡ ಅಂತೀಯೇನೋ? ಈ ಕುರ್ಚಿ ಮ್ಯಾಲ ನಿನ್ನ ಕಣ್ಣು ಅದ!" ಎಂದು ಶಿಮ್ಯೋನಪ್ಪ ತಮ್ಮನ ಕೊರಳಪಟ್ಟಿ ಹಿಡಿದ. ಬೆಂಚುಗಳು ಉರುಳಿದವು. ಶಿಮ್ಯೋನಪ್ಪನ ಮಗ ಜಯಪಾಲ ಬಾಗಿಲಿನಿಂದ ನನ್ನನ್ನು ಕಿತ್ತುಕೊಂಡು ಬೀಸಿದ. ಮಾಣಿಕಪ್ಪನ ಮೊಣಕೈ ನನ್ನ ಕೆಳಗೆ ಒಣಕಟ್ಟಿಗೆಯಂತೆ ಲಟಕ್ಕೆಂದಿತು. ಬಿದ್ದವನು ಇನ್ನೊಂದು ಕೈಯಿಂದ ನನ್ನನ್ನು ಕಸಿದು ಜಯಪಾಲನ ಬಾಯಿಗೆ ಅಪ್ಪಳಿಸಿದ. ಹಲ್ಲುಗಳು ನೆಲಕ್ಕೆ ಉದುರಿದವು. ಮಾಣಿಕಪ್ಪನ ಹೆಂಡತಿ ದೀನಮ್ಮ ಸೆರಗು ಹರಿದು ಗಂಡನ ತೋಳಿಗೆ ಸುತ್ತುವಾಗ ರಕ್ತ ಅವಳ ಮೊಣಕೈತನಕ ಇಳಿಯುತ್ತಿತ್ತು.

ಪೊಲೀಸರು ನನ್ನನ್ನು ಠಾಣೆಗೆ ಒಯ್ದರು. ಅಲ್ಲಿ ಮಚ್ಚು, ಬಡಿಗೆಗಳ ನಡುವೆ ಧೂಳು ತಿನ್ನುತ್ತ ಬಹಳ ಕಾಲ ಬಿದ್ದಿದ್ದೆ. ಊರಿನವರು ರಾಜಿ ಮಾಡಿಸಿದ ಮೇಲೆ ಮತ್ತೆ ಅದೇ ಬಾಗಿಲಿಗೆ ಬಂದೆ. ಆದರೆ ಸಭೆಯೇ ಇರಲಿಲ್ಲ. ಶಿಮ್ಯೋನಪ್ಪ ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡುತ್ತಿದ್ದ. ಒಬ್ಬಿಬ್ಬರು ಮುದುಕಿಯರು ತೂಕಡಿಸುತ್ತಿದ್ದರು.

ಆಗ ಪಾಸ್ಟರು ಒಂದು ಕೆಲಸ ಮಾಡಿದರು. ಪಟ್ಟಣದಲ್ಲಿ ನಡೆಯಲಿದ್ದ ಸಭಾನಾಯಕರ ತರಬೇತಿಗೆ ಎರಡೂ ಮನೆಗಳಿಂದ ಒಬ್ಬೊಬ್ಬರನ್ನು ಕರೆದರು: ದೀನಮ್ಮನನ್ನು, ಜಯಪಾಲನನ್ನು. ಇಬ್ಬರೂ ಒಂದೇ ಬಸ್ಸಿನಲ್ಲಿ ಮುಖ ತಿರುಗಿಸಿಕೊಂಡು ಹೋದರಂತೆ. ಅಲ್ಲಿ ಅವರನ್ನು ಎದುರುಬದುರು ಕೂರಿಸಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳದ ಹೊರತು ಉತ್ತರ ಕೊಡಬಾರದೆಂದರಂತೆ. ಮೊದಲ ದಿನ ದೀನಮ್ಮ ಎದ್ದು ಹೊರಗೆ ಹೋದಳಂತೆ. ಮರುದಿನ, "ನನ್ನ ಗಂಡ ಈಗ ತುತ್ತು ಎತ್ತಾಕ ಆಗೂದಿಲ್ಲ," ಎಂದಳು. ಜಯಪಾಲ ಆ ಮಾತನ್ನು ತನ್ನ ಬೊಚ್ಚುಬಾಯಿಂದ ತಿರುಗಿ ಹೇಳಲು ಹೋಗಿ ಅತ್ತುಬಿಟ್ಟನಂತೆ. ಇದನ್ನೆಲ್ಲ ದೀನಮ್ಮನೇ ಮುಂದೆ ದೇವಾಲಯದಲ್ಲಿ ಹೇಳಿದಳು. ಹಾಗಾಗಿ ನನಗೆ ಗೊತ್ತು.

ತಿರುಗಿ ಬಂದವರು ಮನೆಮನೆ ತಿರುಗಿ ಎಲ್ಲರನ್ನೂ ಕರೆದರು. ಬೆಂಚುಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ, ಸುತ್ತಲೂ ಕೂರಿಸಿದರು. "ನೀವು ಯಾಕ ಬರೂದು ಬಿಟ್ರಿ?" ಎಂದು ದೀನಮ್ಮ ಕೇಳಿದಳು.

"ಬಾಗಿಲಾ ಹಾಕ್ತಿದ್ರಲ್ಲವ್ವಾ," ಎಂದಳು ಒಬ್ಬ ಮುದುಕಿ.

ಶಿಮ್ಯೋನಪ್ಪನ ಮೈ ಉರಿದುಹೋಯಿತು. "ನಾ ಕಟ್ಟಿದ ಸಭಾದಾಗ ನನಗ ವಿಚಾರಣೆ ಏನಬೇ?" ಎಂದು ನನ್ನನ್ನು ಎತ್ತಿಕೊಂಡು ದೀನಮ್ಮನ ತಲೆಗೆ ಬೀಸಿದ. ಜಯಪಾಲ ನಡುವೆ ನುಗ್ಗಿದ. ನಾನು ಅವನ ಹೆಗಲಿಗೆ ಬಡಿದೆ. ನನ್ನ ನಾರು ಉದ್ದಕ್ಕೆ ಸೀಳಿತು. ಅವನು ಕುಸಿದು ಮಂಡಿಯೂರಿದ. ಕೈ ಎತ್ತಲಿಲ್ಲ.

"ಅಪ್ಪಾ, ಇನ್ನೊಂದು ಹೊಡೀರಿ. ಅದಕ್ಕಿಂತ ಮೊದಲ, ಅವತ್ತ ಕಾಕಾ ಏನಂದಿದ್ದ, ಅದನ್ನ ಹೇಳ್ರಿ."

ಶಿಮ್ಯೋನಪ್ಪನ ಉಸಿರು ನನ್ನ ಮೇಲೆ ಬಿಸಿಯಾಗಿ ಬೀಳುತ್ತಿತ್ತು. "ನನ್ನ ಕುರುಡ ಅಂದ."

"ಅಲ್ರಿ ಭಾವಾರ," ಎಂದಳು ದೀನಮ್ಮ, ಅಲುಗದೆ. "ಅಂದಿದ್ದನ್ನ ಅಂದಂಗ ಹೇಳ್ರಿ."

ಮುದುಕ ತಿರುಗಿದ. ಮೂಲೆಯಲ್ಲಿ ಸೊಟ್ಟ ತೋಳು ಹಿಡಿದು ಕುಳಿತಿದ್ದ ತಮ್ಮನನ್ನು ನೋಡಿದ. "ಓದೂದು... ನಿನಗ ಕಷ್ಟ ಆಗ್ತದ ಅಂದ," ಎಂದ. ಮತ್ತೊಮ್ಮೆ ತನಗೆ ತಾನೇ ಅದನ್ನೇ ಹೇಳಿಕೊಂಡ. ಅವನ ಬೆರಳು ಸಡಿಲಾದವು. ನಾನು ನೆಲಕ್ಕೆ ಬಿದ್ದೆ.

ಆಮೇಲೆ ಎಲ್ಲವೂ ನೆಟ್ಟಗಾಯಿತೆಂದೇನಲ್ಲ. ಮಾಣಿಕಪ್ಪನ ತೋಳು ಇಂದಿಗೂ ಮೇಲೇಳುವುದಿಲ್ಲ. ಅಣ್ಣನ ಪಕ್ಕ ಅವನು ಕೂರುವುದೂ ಇಲ್ಲ. ಆದರೆ ಓದುವ ಕೆಲಸ ಸರದಿಯಂತೆ ಹಂಚಿಹೋಯಿತು. ಕಾಯಿಲೆಯವರನ್ನು ನೋಡಿಬರಲು ಹೆಂಗಸರದೇ ಒಂದು ಗುಂಪಾಯಿತು. ಜಯಪಾಲ ಹಲಗೆ ಬಾರಿಸುತ್ತ ಹಾಡು ಕಲಿಸಿದ. ಜಾಗ ಸಾಲದೆ ಜನ ಹೊಸ್ತಿಲ ಮೇಲೂ ಕೂರತೊಡಗಿದರು. ಅಂಥ ಬಾಗಿಲಿಗೆ ಅಗುಳಿ ಯಾಕೆ?

ಈಗ ನಾನು ದೇವಾಲಯದ ಹಿಂದೆ ಅಡುಗೆ ಮಾಡುವ ತಗಡಿನ ಚಪ್ಪರದಲ್ಲಿ, ಸೌದೆಯ ರಾಶಿಯ ಮೇಲಿದ್ದೇನೆ. ಸೀಳಿನೊಳಗೆ ಗೆದ್ದಲು ಸೇರಿದೆ. ನಿನ್ನೆ ದೀನಮ್ಮ ಬಂದು, ನನ್ನನ್ನು ಎತ್ತಿ ತೂಗಿ ನೋಡಿ, ಕ್ರಿಸ್ಮಸ್ ಅಡುಗೆಗೆಂದು ಮೇಲುಗಡೆ ಇಟ್ಟು ಹೋದಳು. ನನಗೆ ಅಂಜಿಕೆಯಿಲ್ಲ. ಜಾಲಿ ಗಟ್ಟಿಮರ, ನಿಧಾನವಾಗಿ ಉರಿಯುತ್ತದೆ. ದೊಡ್ಡ ಹಂಡೆಯ ಅನ್ನ ಬೇಯುವತನಕ ನಾನು ತಡೆದೇನು.