ಪೆನ್ಸಿಲ್ ಮೆತ್ತಿದ ಮುಖ

ನಾನು ಒಂದು ಫೋಟೋದ ನೆಗೆಟಿವ್. ಧಾರವಾಡದ ಶಂಕ್ರಪ್ಪ ಬಾರಕೇರರ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ, ಘಾಟು ನೀರಿನಲ್ಲಿ ಮಿಂದು ಹುಟ್ಟಿದೆ. ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದವರೆಲ್ಲ ನನ್ನೊಳಗೆ ಸಾಲಾಗಿ ನಿಂತಿದ್ದರು. ಹಿಂದಿನ ಸಾಲಿನ ತುದಿಯಲ್ಲಿ ಬಸ್ತ್ಯಾಂವ್ ಸಿದ್ದಿ. ಹಳಿಯಾಳದ ಕಾಡಿನಂಚಿನಿಂದ ಬಂದವನು, ಆ ಕಾಲೇಜಿಗೆ ಕಾಲಿಟ್ಟ ಮೊದಲ ಸಿದ್ದಿ. ಅವನ ಹಿರಿಯರು ಎಂದೋ ಆಫ್ರಿಕಾದಿಂದ ಬಂದವರು. ಬಣ್ಣ ಅಪ್ಪಟ ಕಪ್ಪು, ನಗು ಅದಕ್ಕಿಂತ ಅಪ್ಪಟ.

ಅಲ್ಲೇ ನನ್ನ ಗ್ರಹಚಾರ ಕೆಟ್ಟಿತು. ಹುಡುಗ ಎಲ್ಲರ ಹಾಗೆ ಕಾಣಲಿ ಎಂದು ಶಂಕ್ರಪ್ಪನವರು ಚೂಪಾದ ಪೆನ್ಸಿಲ್ ಹಿಡಿದು ನನ್ನೊಳಗಿನ ಅವನ ಮುಖದ ಮೇಲೆ ತೀಡಿದರು. ನನ್ನಲ್ಲಿ ಕಪ್ಪು ಬಿಳುಪೆಲ್ಲ ತಿರುಗುಮುರುಗು ನೋಡಿ, ಪೆನ್ಸಿಲ್ ಹಚ್ಚಿದಷ್ಟೂ ಫೋಟೋದಲ್ಲಿ ಮುಖ ಬೆಳ್ಳಗಾಗುತ್ತದೆ. ಮನಸ್ಸು ಒಳ್ಳೆಯದೇ, ಮಾಡಿದ್ದು ಮಾತ್ರ ಅನಾಹುತ. ಫೋಟೋ ಮನೆಗೆ ಒಯ್ದರೆ ಹೆತ್ತ ತಾಯಿಯೇ ಅದರಲ್ಲಿ ಮಗನನ್ನು ಹುಡುಕಿ ಸೋತಳಂತೆ. ಬಸ್ತ್ಯಾಂವ್ ಇದನ್ನು ಸ್ಟುಡಿಯೋಕ್ಕೆ ಬಂದು ನಗುನಗುತ್ತಲೇ ಹೇಳಿಹೋದ.

ಆಮೇಲೆ ಬಹಳ ವರ್ಷ ಡಬ್ಬಿಯ ವಾಸ. ಸ್ಟುಡಿಯೋ ಶಂಕ್ರಪ್ಪನವರ ಮಗನ ಕೈಗೆ ಬಂತು. ಹಳೆ ಫಿಲ್ಮು ಸುಟ್ಟು ಬೆಳ್ಳಿ ತೆಗೆಯುವವನೊಬ್ಬನಿಗೆ ಕೊಡಲು ಆತ ನಮ್ಮನ್ನೆಲ್ಲ ಚೀಲಕ್ಕೆ ತುಂಬಿಸಿದ. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಅಷ್ಟರಲ್ಲಿ ಕ್ಲಾರಾ ಸಿದ್ದಿ ಬಂದಳು, ಅದೇ ಕಾಲೇಜಿನಲ್ಲಿ ಪಾಠ ಹೇಳುವವಳು. ಅಲ್ಲಿ ಓದಿದ ಸಿದ್ದಿಗಳೆಲ್ಲರ ಫೋಟೋಗಳನ್ನು ಗ್ರಂಥಾಲಯದ ಗೋಡೆಗೆ ಹಾಕಲು ಹೊರಟು, ಮೊದಲನೆಯವನನ್ನೇ ತೋರಿಸಲಾಗದೆ ಒದ್ದಾಡುತ್ತಿದ್ದಳು. ಫೋಟೋ ನೋಡಿದವರೆಲ್ಲ ಇದರಲ್ಲಿ ಸಿದ್ದಿ ಎಲ್ಲಿದ್ದಾನಮ್ಮ ಎಂದು ಕೇಳುತ್ತಿದ್ದರಂತೆ. ಜೊತೆಗೆ ಬಸ್ತ್ಯಾಂವ್ ಬಂದಿದ್ದರು. ನೌಕರಿಯಿಂದ ನಿವೃತ್ತರಾಗಿದ್ದರು, ತಲೆ ಪೂರ್ತಿ ನರೆತಿತ್ತು.

ಮುದುಕರಾದ ಶಂಕ್ರಪ್ಪನವರು ಚೀಲ ಬಿಚ್ಚಿಸಿ, ಹುಡುಕಿ, ನನ್ನನ್ನು ಬೆಳಕಿಗೆ ಹಿಡಿದರು.

"ಪೆನ್ಸಿಲ್ ಮ್ಯಾಲಿಂದ ಮ್ಯಾಲ ಐತ್ರಿ. ಮುಖ ಒಳಗ ಹಂಗ ಐತಿ," ಎಂದರು.

ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೆಲ್ಲಗೆ ಒರೆಸಿದರು. ಅಬ್ಬಾ, ಎಂಥ ಹಗುರ! ನನಗೆ ಉಸಿರು ತಿರುಗಿದಂತಾಯಿತು.

ಹೊಸ ಫೋಟೋ ಮೂಡಿತು. ಬಸ್ತ್ಯಾಂವ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬೈಗುಳ ಬೀಳುತ್ತದೆಂದು ಶಂಕ್ರಪ್ಪನವರು ತಲೆ ತಗ್ಗಿಸಿ ನಿಂತಿದ್ದರು.

"ಅಲ್ರೀ ಶಂಕ್ರಪ್ಪ, ನಾ ಇಷ್ಟು ಚಂದ ಇದ್ನೇನ್ರಿ?"

ಬಸ್ತ್ಯಾಂವ್ ಶಂಕ್ರಪ್ಪನವರ ಹೆಗಲ ಮೇಲೆ ಕೈ ಹಾಕಿ, ಇನ್ನೊಂದು ಪ್ರತಿ ತೆಗೆಯಿರಿ, ಮನೆಗೂ ಬೇಕು ಎಂದರು.

ಈಗ ಅವರು ಗೋಡೆಯ ಮೇಲೆ ನಗುತ್ತಿದ್ದಾರೆ. ನಾನು ಅದೇ ಗ್ರಂಥಾಲಯದ ಕಪಾಟಿನಲ್ಲಿ ಕಾಗದದ ಹೊದಿಕೆ ಹೊದ್ದು ಮಲಗಿದ್ದೇನೆ. ಕೊನೆಗೂ ಅವರನ್ನು ಇದ್ದ ಹಾಗೆಯೇ ತೋರಿಸಿದೆನಲ್ಲ, ಈ ಮುದಿ ಜೀವಕ್ಕೆ ಅಷ್ಟು ಸಾಕು.