ಒಂದೆಳೆ ಕ್ಲಚ್ ವೈರ್

ಕಾಪುವಿನ ಕಡಲ ಕರೆಯಲ್ಲಿ ಯಾರದೇ ದೋಣಿಯ ಎಂಜಿನ್ ಕೆಮ್ಮಿದರೂ ಫೋನ್ ದೇಜಪ್ಪನಿಗೆ ಬರುತ್ತಿತ್ತು. ಅವನು ಎಲ್ಲೂ ಹೋಗಿ ಕಲಿತವನಲ್ಲ. ತನ್ನ ದೋಣಿಯ ಎಂಜಿನ್ ಬಿಚ್ಚಿ ಬಿಚ್ಚಿ ಊರವರ ಎಂಜಿನಿಗೂ ಕೈ ಹಾಕಿದವನು. ಕಾರ್ಬುರೇಟರ್ ಬಿಚ್ಚಿದಾಗಲೆಲ್ಲ ಅವನದೊಂದು ಭಾಷಣ ಇರುತ್ತಿತ್ತು, ಕೇಳಲೇಬೇಕು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟನ್ನು ಬಾಯಿಂದ ಊದಬೇಕು, ಸೂರ್ಯನಿಗೆ ಹಿಡಿದು ನೋಡಬೇಕು, ಬೆಳಕು ದುಂಡಗೆ ಕಂಡರೆ ಮಾತ್ರ ತಿರುಗಿ ಕೂರಿಸಬೇಕು. "ತಂತಿ ಚುಚ್ಚುವವನು ಮೆಕ್ಯಾನಿಕ್ ಅಲ್ಲ, ಕಟುಕ" ಎನ್ನುತ್ತಿದ್ದ.

ಇಷ್ಟೆಲ್ಲ ಹೇಳಿದವನೇ ಒಂದು ದಿನ ತಂತಿ ಚುಚ್ಚಿದ. ಆಗಸ್ಟ್ ತಿಂಗಳು, ಬಂಗುಡೆ ಮೀನು ದಡಕ್ಕೇ ಬಂದಿದೆ ಎಂಬ ಸುದ್ದಿ. ಎಲ್ಲರ ದೋಣಿ ನೀರಿಗಿಳಿದಿತ್ತು, ಇವನದು ಮಾತ್ರ ಮರಳಿನ ಮೇಲೆ. ತಮ್ಮ ತಿಲಕ್ ಬಲೆ ಹಿಡಿದು ನಿಂತು, "ಇನ್ನೆಷ್ಟು ಹೊತ್ತು ಅಣ್ಣಾ?" ಎಂದು ಮೂರು ಸಲ ಕೇಳಿದ. ಅಂಟು ಕಟ್ಟಿದ ಜೆಟ್ ಊದಿದರೂ ಬಿಡಲಿಲ್ಲ. ಮೋಡ ಕವಿದು ಸೂರ್ಯನೂ ಇರಲಿಲ್ಲ. ದೇಜಪ್ಪ ಎದುರಿನ ಅಬ್ದುಲ್ ವಹಾಬನ ಅಂಗಡಿಗೆ ಓಡಿದ. ಹಗ್ಗ, ಬಲೆಯ ಸೀಸ, ಎಂಜಿನ್ ಆಯಿಲ್ ಮಾರುವ ಅಂಗಡಿ. ದೋಣಿಯವರಿಗೆಂದು ಕ್ಯಾನಿನಲ್ಲಿ ಪೆಟ್ರೋಲೂ ಇರುತ್ತಿತ್ತು, ದೇಜಪ್ಪನೂ ಅಲ್ಲಿಂದಲೇ ಒಯ್ಯುತ್ತಿದ್ದ. ಅಲ್ಲಿ ಮೊಳೆಗೆ ನೇತುಹಾಕಿದ್ದ ಹಳೆಯ ಕ್ಲಚ್ ವೈರಿನಿಂದ ಒಂದೆಳೆ ಕಿತ್ತು ತಂದು ಜೆಟ್ಟಿಗೆ ತುರುಕಿ ತಿರುಗಿಸಿದ. ಎಂಜಿನ್ ಒಂದೇ ಎಳೆತಕ್ಕೆ ಎದ್ದಿತು.

ದೀಪಸ್ತಂಭದ ಬಂಡೆಯ ಹತ್ತಿರ ಅದು ನಿಂತೇ ಹೋಯಿತು. ದೇಜಪ್ಪ ಎಂಜಿನಿನ ಹಗ್ಗ ಎಳೆದ, ಎಳೆದ, ಅಂಗೈ ಸುಲಿಯುವಷ್ಟು ಎಳೆದ. ಅಲೆ ದೋಣಿಯನ್ನು ಬಂಡೆಯತ್ತ ತಳ್ಳಿತು. ದೋಣಿ ಒಡೆಯಬಾರದೆಂದು ತಿಲಕ್ ಕಾಲು ಕೊಟ್ಟು ತಡೆಯಲು ಹೋದ. ಮಣಿಪಾಲದ ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅವನಿಗೆ ಮೂವತ್ತೊಂದು ವರ್ಷ.

"ಎಂಜಿನಿಗೆ ಎಂತ ಆದದ್ದು?" ಎಂದು ಆಸ್ಪತ್ರೆಯ ಜಗಲಿಯಲ್ಲಿ ಯಾರೋ ಕೇಳಿದರು. "ಪೆಟ್ರೋಲಿನಲ್ಲಿ ನೀರು" ಎಂದ ದೇಜಪ್ಪ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ತಂತಿಯ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪು ಮಾಡಿಕೊಳ್ಳಲಿಲ್ಲ, ಅಷ್ಟೆ. ಆ ಮಾತು ಅವನಿಗಿಂತ ಮೊದಲೇ ಕಾಪು ತಲುಪಿತ್ತು.

ಭಾನುವಾರ ಸಭೆ ಸೇರಿದಾಗ ಅದನ್ನೇ ಮತ್ತೆ ಗುರಿಕಾರರ ಎದುರು ಹೇಳಬೇಕಾಯಿತು. ಊರಿನ ಮೀನುಗಾರ ಮೊಗವೀರರಿಗೆಲ್ಲ ಗುರಿಕಾರರೇ ಹಿರಿಯರು. ಅವರ ಮುಂದೆ ನಿಂತು ಆಡಿದ ಮಾತೆಂದರೆ ಆಣೆ ಮಾಡಿದ ಹಾಗೆಯೇ. ವಹಾಬನನ್ನೂ ಕರೆಸಿದ್ದರು. ಅವನು ಎದ್ದು ನಿಂತು ಬಾಯಿ ತೆರೆದ, ದೇಜಪ್ಪನ ಮುಖ ನೋಡಿದ, ಮತ್ತೆ ಕುಳಿತುಬಿಟ್ಟ. ಸುಮ್ಮನಾದದ್ದೇ ಒಪ್ಪಿಗೆ ಎಂದರು. ಇನ್ನು ಆ ಅಂಗಡಿಯ ಮೆಟ್ಟಿಲು ಯಾರೂ ಹತ್ತಬಾರದು ಎಂದಾಯಿತು.

ಆಮೇಲಿನದನ್ನು ಫೋನುಗಳು ನೋಡಿಕೊಂಡವು. ಒಂದು ಫೋನಿನಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ನೀರು ತಾನಾಗಿ ಸೇರಿದ್ದು ಹೋಗಿ ಬೇಕೆಂದೇ ಬೆರೆಸಿದ್ದಾಯಿತು, ಒಬ್ಬ ವಹಾಬ ಹೋಗಿ ಅವನ ಮತದವರೆಲ್ಲರೂ ಆದರು. ದೋಣಿಯನ್ನು ಚಿತ್ರದಲ್ಲಿ ಮಾತ್ರ ಕಂಡವರೂ ತಿಲಕನ ಕಾಲಿನ ಬಗ್ಗೆ ಉಗ್ರವಾಗಿ ಬರೆದರು. ಒಬ್ಬನಾದರೂ ಅವನಿಗೊಂದು ಊರುಗೋಲು ತಂದುಕೊಡಲಿಲ್ಲ. ಅಕ್ಟೋಬರಿನಲ್ಲಿ ವಹಾಬ ಅಂಗಡಿಗೆ ಬಾಗಿಲು ಹಾಕಿ, ಹೆಂಡತಿ ಜುಬೈದಾಳ ತಮ್ಮನ ಆಸರೆ ಹುಡುಕಿಕೊಂಡು ಕಾರ್ಕಳದ ಕಡೆ ಹೋದ.

ಡಿಸೆಂಬರಿನಲ್ಲಿ ತಿಲಕ್, "ಆ ಎಂಜಿನ್ ಮಾರಿಬಿಡಣ್ಣ, ಅದರ ಮುಖ ನೋಡಲಿಕ್ಕೆ ಆಗುವುದಿಲ್ಲ" ಎಂದ. ಮಾರುವ ಮೊದಲು ಕ್ಲೀನ್ ಮಾಡಬೇಕಲ್ಲ. ದೇಜಪ್ಪ ಟಾರ್ಪಾಲು ಸರಿಸಿ, ನಾಲ್ಕು ತಿಂಗಳಿಂದ ಯಾರೂ ಮುಟ್ಟದ ಕಾರ್ಬುರೇಟರ್ ಬಿಚ್ಚಿದ. ನೀರು ನಿಂತಿದ್ದರೆ ತಳದಲ್ಲಿ ಬಿಳಿ ತುಕ್ಕಿನ ಹುಡಿ ಎದ್ದಿರಬೇಕಿತ್ತು. ಹುಡಿ ಇರಲಿಲ್ಲ. ಒಣಗಿದ ಪೆಟ್ರೋಲಿನ ಹಳದಿ ಅಂಟು ಮಾತ್ರ. ಜೆಟ್ ತೆಗೆದು ಸೂರ್ಯನಿಗೆ ಹಿಡಿದ. ಬೆಳಕು ಬರಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ ಊದಿದಾಗ ಅಂಗೈಗೆ ಬಿದ್ದದ್ದು ಅಕ್ಕಿಕಾಳಿನಷ್ಟೂ ಇಲ್ಲದ ತಂತಿಯ ತುಂಡು.

ತಮ್ಮನ ಕಾಲು ತಿಂದದ್ದು ತಾನು, ಒಬ್ಬನ ಅನ್ನ ಕಸಿದದ್ದೂ ತಾನು. ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ನೇರ ಗುರಿಕಾರರ ಮನೆಗೆ ಹೋದ.

ಗುರಿಕಾರರು ಕನ್ನಡಕ ಹಾಕಿ ನೋಡಿದರು, ಕನ್ನಡಕ ತೆಗೆದು ಒರೆಸಿದರು. "ಇದನ್ನು ಇನ್ನು ಯಾರಿಗೂ ತೋರಿಸಬೇಡ. ಈಗ ಅದು ಪೆಟ್ರೋಲಿನ ವಿಷಯ ಅಲ್ಲ ಮಾರಾಯ."

"ಹೇಳಿದವನು ನಾನೇ ಅಲ್ವಾ?"

"ಹೇಳಿದ್ದು ನೀನು. ಈಗ ಅದು ನಿನ್ನ ಮಾತಲ್ಲ. ನೀನು ಹಿಂದೆ ತೆಗೆದುಕೊಂಡರೂ ಫೋನಿನಲ್ಲಿ ಹಬ್ಬಿಸಿದವರು ಬಿಡುವುದಿಲ್ಲ. ಮನೆಯಲ್ಲಿ ತಿಲಕನಿಗೆ ಎಂತ ಹೇಳ್ತೀ? ನಿನ್ನ ಕಾಲು ತೆಗೆಸಿದ್ದು ನಾನೇ ಅಂತ ಹೇಳ್ತೀಯಾ?"

ದೇಜಪ್ಪ ತುಂಡನ್ನು ಮತ್ತೆ ಕಾಗದದಲ್ಲಿ ಸುತ್ತಿಕೊಂಡು ಎದ್ದ. ಮರುದಿನ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಬಸ್ ಹಿಡಿದ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿದ. ವಹಾಬ ಬಯ್ಯಲಿ, ಬೇಕಾದರೆ ಎರಡು ಬಾರಿಸಲಿ ಎಂದು ಆಸೆಪಟ್ಟ.

ಕಾರ್ಕಳದ ಪಕ್ಕದ ಕುಕ್ಕುಂದೂರಿನ ರಸ್ತೆ ಬದಿಯಲ್ಲಿ, ಜುಬೈದಾಳ ತಮ್ಮನ ಚಪ್ಪಲಿ ಅಂಗಡಿಯಲ್ಲಿ ವಹಾಬ ಯಾರದೋ ಕಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅಳತೆ ನೋಡುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗಿರಾಕಿ ಹೋದ ಮೇಲೆ ದೇಜಪ್ಪ ಕಾಗದ ಬಿಚ್ಚಿ ಮುಂದೆ ಹಿಡಿದ. "ಜೆಟ್ಟಿನಲ್ಲಿ ಸಿಕ್ಕಿತು" ಎಂದ.

ವಹಾಬ ಅದನ್ನು ಮುಟ್ಟಲಿಲ್ಲ. "ನನ್ನ ಅಂಗಡಿಯ ವೈರ್ ಅಲ್ವಾ ದೇಜಪ್ಪಣ್ಣ? ನೀವು ಕಿತ್ತದ್ದು ನೋಡಿದ್ದೆ. ಜೆಟ್ಟಿಗೆ ಚುಚ್ಚಿದ್ದೂ ನೋಡಿದ್ದೆ."

"ಮತ್ತೆ ಸಭೆಯಲ್ಲಿ ಯಾಕೆ ಹೇಳಲಿಲ್ಲ?"

"ಹೇಳಲಿಕ್ಕೇ ಎದ್ದದ್ದು. ನಿಮ್ಮ ಮುಖ ನೋಡಿದೆ. ತಮ್ಮ ಆಸ್ಪತ್ರೆಯಲ್ಲಿ, ಅಣ್ಣನೇ ಮಾಡಿದ್ದು ಅಂತಾದರೆ ಈ ಮನುಷ್ಯ ಕಡಲಿಗೆ ಹಾರುತ್ತಾನೆ ಅಂತ ಗ್ರಹಿಸಿದೆ. ನಾಲ್ಕು ದಿನದ ಕೋಪ, ಇಳಿಯುತ್ತದೆ ಅಂತಲೂ ಗ್ರಹಿಸಿದೆ. ಎರಡನೆಯದು ತಪ್ಪಾಯಿತು."

"ನಾನು ಎಲ್ಲರ ಎದುರು ಹೇಳ್ತೇನೆ ವಹಾಬ್."

"ಬೇಡ. ನಾನೇ ನಿಮ್ಮನ್ನು ಹೆದರಿಸಿ ಹೇಳಿಸಿದೆ ಅಂತ ಆಗ್ತದೆ. ಆ ಪೆಟ್ರೋಲಿನ ವಹಾಬ ನಾನೇ ಅಂತ ಇಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ನೀವು ಇಲ್ಲಿಗೆ ಬಂದದ್ದು ಯಾರಾದರೂ ನೋಡಿದ್ದಾರಾ?"

ದೇಜಪ್ಪ ಇಲ್ಲವೆಂದು ತಲೆಯಾಡಿಸಿದ. ಅಷ್ಟರಲ್ಲಿ ಮಗುವನ್ನು ಎತ್ತಿಕೊಂಡು ಒಬ್ಬ ಹೆಂಗಸು ಒಳಗೆ ಬಂದಳು. ವಹಾಬ ಎದ್ದು ನಗುಮುಖ ಮಾಡಿಕೊಂಡು ಸಣ್ಣ ಚಪ್ಪಲಿಗಳ ಪೆಟ್ಟಿಗೆ ತೆರೆದ.

"ಅದನ್ನು ತೆಗೆದುಕೊಂಡು ಹೋಗಿ ದೇಜಪ್ಪಣ್ಣ" ಎಂದ, ತಿರುಗಿ ನೋಡದೆ. "ಇಲ್ಲಿ ಬಿದ್ದರೆ ಯಾರ ಕಾಲಿಗಾದರೂ ಚುಚ್ಚುತ್ತದೆ."