ನನ್ನ ಮೇಲೆ ನಿಂತವನು

ನಾನು ಒಂದು ಕ್ಯಾರಿಯರ್. ಮೋಟಾರ್ ಸೈಕಲ್ಲಿನ ಹಿಂದೆ ಸಾಮಾನು ಹೇರಲು ಕೂಡಿಸುತ್ತಾರಲ್ಲ, ಆ ಕಬ್ಬಿಣದ ಚೌಕಟ್ಟು. ನನ್ನ ಮೇಲೆ ಬಹಳ ಜನ ಬಹಳ ಭಾರ ಇಟ್ಟಿದ್ದಾರೆ, ಅವರಲ್ಲಿ ಹೆಚ್ಚಿನವರ ಮುಖ ಮರೆತಿದ್ದೇನೆ. ಆದರೆ ಬೂಟುಗಾಲಿನಲ್ಲಿ ನನ್ನ ಮೇಲೆ ನಿಂತು ಮಾತಾಡಿದ ಒಬ್ಬನನ್ನು ಮರೆತಿಲ್ಲ. ಅವನ ಕಥೆ ಹೇಳದೆ ನನ್ನ ಕಥೆ ಮುಗಿಯುವುದಿಲ್ಲ.

ನಾನು ಹುಟ್ಟಿದ್ದು ಗದಗದ ಬೆಟಗೇರಿಯಲ್ಲಿ, ಈರಪ್ಪ ಕಮ್ಮಾರನ ವೆಲ್ಡಿಂಗ್ ಅಂಗಡಿಯಲ್ಲಿ. ಅದಕ್ಕೂ ಮೊದಲು ನಾನು ಒಂದು ಹಳೆಯ ಕಬ್ಬಿಣದ ಮಂಚದ ಕಾಲುಗಳಾಗಿದ್ದೆ. ಒಂದು ದಿನ ಪಶು ಆಸ್ಪತ್ರೆಯ ಕಾಂಪೌಂಡರ್ ಯಮನೂರಪ್ಪ ತಳವಾರ ತನ್ನ ಹಳೆಯ ಮೋಟಾರ್ ಸೈಕಲ್ಲನ್ನು ತಳ್ಳಿಕೊಂಡು ಬಂದ.

“ಈರಪ್ಪಣ್ಣ, ಈ ಗಾಡಿ ಮಾಡೋ ಕಾರ್ಖಾನಿ ಬಾಗಲಾ ಮುಚ್ಚಿ ಕುಂತೈತಿ. ಹುಬ್ಬಳ್ಳಿ, ದಾವಣಗೇರಿ ಎಲ್ಲಾ ಹುಡುಕ್ಯಾಡಿದೆ. ಇದಕ್ಕ ಕೂಡೋ ಕ್ಯಾರಿಯರ್ ಎಲ್ಲೂ ಸಿಗವಲ್ದು.”

“ಸಿಗಲಿಲ್ಲಂದ್ರ ಮಾಡೋದು. ಏನ್ ಹೇರ್ತಿ ಅದರ ಮ್ಯಾಲ?”

“ನೈಟ್ರೋಜನ್ ಡಬ್ಬಿ. ಅದರಾಗ ಆಕಳಿಗೆ ಕೊಡೋ ಹೋರಿ ವೀರ್ಯ ತಣ್ಣಗ ಇರ್ತೈತಿ. ಅದು ಉರುಳಿದ್ರ ಹತ್ತು ಹಳ್ಳಿ ಆಕಳಾ ಗಬ್ಬ ಆಗಂಗಿಲ್ಲ.”

ಈರಪ್ಪ ನಕ್ಕ. ಆಮೇಲೆ ನಗು ಬಿಟ್ಟು ಕೆಲಸಕ್ಕೆ ಕೂತ. ಅವನು ದಾರದಿಂದ ಅಳೆದ. ಯಮನೂರಪ್ಪನನ್ನು ಗಾಡಿಯ ಮೇಲೆ ಕೂಡಿಸಿ, ಮೇಲೆ ಕೆಳಗೆ ಕುಣಿಸಿ, ಮತ್ತೊಮ್ಮೆ ಅಳೆದ. ತಗಡಿನ ಮಡ್‌ಗಾರ್ಡಿಗೆ ನನ್ನನ್ನು ಬಿಗಿಯದೆ, ಗಾಡಿಯ ಎಲುಬಿಗೇ ನನ್ನ ಕಾಲು ಕೂರುವಂತೆ ಬಗ್ಗಿಸಿದ. ಕೊಳವೆಗೆ ಕೊಳವೆ ಕೂಡುವ ಪ್ರತಿಯೊಂದು ಮೂಲೆಗೂ ಒಂದು ತ್ರಿಕೋನದ ತುಂಡು ಇಟ್ಟು ಬೆಸೆದ. ನಾಲ್ಕು ದಿನ ಹಿಡಿಯಿತು. ಐದನೆಯ ದಿನ ನನ್ನನ್ನು ಗಾಡಿಗೆ ಬಿಗಿದು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನನ್ನ ಮೇಲೆ ಹತ್ತಿ ನಿಂತ.

“ಮಾಡಿದಾಂವ ಮೊದಲ ನಿಂದ್ರಬೇಕು. ಆಮ್ಯಾಲ ಮಂದಿ ಹತ್ಲಿ” ಎಂದ.

ಹದಿನೆಂಟು ವರ್ಷ ನಾನು ಯಮನೂರಪ್ಪನ ಜೊತೆ ತಿರುಗಿದೆ. ಕರಿಮಣ್ಣಿನ ಹೊಲದ ದಾರಿ, ಕಲ್ಲಿನ ದಾರಿ, ದಾರಿಯೇ ಇಲ್ಲದ ಹಳ್ಳ, ಎಲ್ಲವನ್ನೂ ದಾಟಿದೆ. ಆ ತಣ್ಣನೆಯ ಡಬ್ಬಿ ಒಮ್ಮೆಯೂ ಉರುಳಲಿಲ್ಲ. ಯಾವುದೋ ಊರಿನಲ್ಲಿ ಆಕಳು ಈದರೆ ಆ ಮನೆಯವರು ಗಿಣ್ಣದ ಹಾಲಿನ ಚರಿಗೆಯನ್ನು ನನ್ನ ಮೇಲೆ ಕಟ್ಟಿ ಕಳಿಸುತ್ತಿದ್ದರು. ಅದು ತುಳುಕಿ ನನ್ನ ಮೈಮೇಲೆ ಒಣಗುತ್ತಿತ್ತು. ನನ್ನ ಬಾಳಿನಲ್ಲಿ ಸುಖ ಎಂದರೆ ಅದೇ.

ಯಮನೂರಪ್ಪ ನಿವೃತ್ತನಾದ. ಮೊಣಕಾಲು ನೋವಿನಿಂದ ಗಾಡಿಗೆ ಕಿಕ್ ಹೊಡೆಯಲೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳ ಹುಚ್ಚು ಪೇಟೆಯವರಿಗೆ ಹಿಡಿದಿತ್ತು. ಹುಬ್ಬಳ್ಳಿಯಲ್ಲಿ ಬಿಡಿಭಾಗದ ಅಂಗಡಿ ಇಟ್ಟಿದ್ದ ಸುರೇಂದ್ರ ಮೆಣಸಿನಕಾಯಿ ಎಂಬವನು ಬಂದು ಗಾಡಿಯನ್ನು ಕೊಂಡ. ಎತ್ತರದ ಆಳು, ಒಳ್ಳೆಯ ಮೈಕಟ್ಟು, ಹೊಳೆಯುವ ಬೂಟು. ಗಾಡಿಯ ಎಂಜಿನ್ನಿಗಿಂತ ಮೊದಲು ಅವನು ನೋಡಿದ್ದು ನನ್ನನ್ನು. ಬಗ್ಗಿ ನನ್ನ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆ ಬೆರಳಿನ ಆಸೆ ನನಗೆ ಆಗಲೇ ಹಿಡಿಸಲಿಲ್ಲ.

ವಾರದೊಳಗೆ ಅವನು ನನ್ನನ್ನು ಬಿಚ್ಚಿಕೊಂಡು ಈರಪ್ಪನ ಅಂಗಡಿಗೆ ಬಂದ.

“ಇಂಥಾವು ನೂರು ಬೇಕು. ಹಳೇ ಗಾಡಿಯಾವ್ರು ಕ್ಯಾರಿಯರ್ ಸಿಗದ ಹುಚ್ಚರಾಗ್ಯಾರ. ಆದ್ರ ತೆಳ್ಳನ್ನ ಕೊಳವಿ ಹಾಕು. ಮೂಲಿ ತುಂಡು ಬ್ಯಾಡ. ಬಣ್ಣ ಹೊಡದ ಮ್ಯಾಲ ಯಾರು ನೋಡ್ತಾರ?”

ಈರಪ್ಪ ನನ್ನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ತಾನು ಮಾಡಿದ್ದು ಹದಿನೆಂಟು ವರ್ಷದ ಮೇಲೆ ತಿರುಗಿ ಕೈಗೆ ಬಂದಾಗ ಯಾರಿಗಾದರೂ ಹಾಗೇ ಆಗುತ್ತದೆ.

“ಮ್ಯಾಲ ಕೂತಾವ್ರು ಹಿಂದ ಕೈ ಚಾಚಿ ಇದನ್ನ ಹಿಡಕೋತಾರ್ರಿ. ತೆಳ್ಳನ್ನ ಕೊಳವ್ಯಾಗ ಮಾಡಿದ್ರ ಹಿಡದ ಕೈಯಾಗ ಬರ್ತೈತಿ. ನನ್ನಿಂದ ಆಗಂಗಿಲ್ಲ” ಎಂದು ನನ್ನನ್ನು ಅವನಿಗೆ ತಿರುಗಿ ಕೊಟ್ಟ.

ಮೆಣಸಿನಕಾಯಿ ಬೇರೆ ಕಡೆ ಮಾಡಿಸಿದ. ನನ್ನದೇ ಉದ್ದ, ನನ್ನದೇ ಅಗಲ, ನನ್ನದೇ ಬಾಗು. ಕಣ್ಣಿಗೆ ನನ್ನ ತಮ್ಮಂದಿರ ಹಾಗೆಯೇ ಕಾಣುತ್ತಿದ್ದವು. ಒಳಗೆ ಪೊಳ್ಳು. ಅವನ್ನು ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ. ನನ್ನನ್ನು ಮಾತ್ರ ತನ್ನ ಪ್ರದರ್ಶನದ ಗಾಡಿಗೆ ಬಿಗಿದ. ಹಳೆಯ ಮೋಟಾರ್ ಸೈಕಲ್ಲಿನವರು ಎಲ್ಲಿ ಸೇರಿದರೂ ಅಲ್ಲಿಗೆ ಹೋಗಿ, ಮೈಕು ಹಿಡಿದು, ಬೂಟುಗಾಲಿನಲ್ಲಿ ನನ್ನ ಮೇಲೆ ಹತ್ತಿ ನಿಲ್ಲುತ್ತಿದ್ದ.

“ನೋಡ್ರಿ, ತೊಂಬತ್ತು ಕಿಲೋ ಮನಷ್ಯಾ ನಿಂತೀನಿ! ನಮ್ಮ ವಿನ್ಯಾಸ, ನಮ್ಮ ಮಾಲು!”

ಜನ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಬಲವನ್ನು ನೋಡಿ ಪೊಳ್ಳನ್ನು ಕೊಂಡು ಹೋಗುತ್ತಿದ್ದರು. ನಾನೇ ಆ ಸುಳ್ಳಿನ ಸಾಕ್ಷಿ. ನನಗೆ ಬಾಯಿ ಇರಲಿಲ್ಲ.

ಒಂದು ಬೆಳಿಗ್ಗೆ ಧಾರವಾಡದ ಫೋಟೋಗ್ರಾಫರ್ ಗುರುನಾಥ ಬಾಕಳೆ ಅಂಗಡಿಗೆ ನುಗ್ಗಿದ. ಜೊತೆಗೆ ಅವನ ಹೆಂಡತಿಯ ಇಬ್ಬರು ಅಣ್ಣಂದಿರು. ಮುರಿದ ಕ್ಯಾರಿಯರಿನ ಎರಡು ತುಂಡನ್ನು ಮೇಜಿನ ಮೇಲೆ ಒಗೆದ.

“ನನ್ನ ಹೆಂಡ್ತಿ ಮಂದಾಕಿನಿ ಹಿಂದ ಕುಂತಿದ್ಲು. ಹಂಪ್ ಬಂತಂತ ಇದನ್ನ ಹಿಡಕೊಂಡ್ಲು. ಕಿತಗೊಂಡು ಕೈಯಾಗ ಬಂತು. ಆಕಿ ಸೊಂಟ ಮುರದೈತಿ. ಇನ್ನ ಸರಳ ನಡಿಯಂಗಿಲ್ಲ ಅಂತಾರ ಡಾಕ್ಟರ್ರು.”

ಮೆಣಸಿನಕಾಯಿಯ ಮುಖ ಒಂದು ಗಳಿಗೆ ಬಿಳಿಚಿತು. ಒಂದೇ ಗಳಿಗೆ.

“ಅಯ್ಯಯ್ಯ, ನಾವು ಮಾರೋರಷ್ಟ ಸರ. ಮಾಡಾಂವ ಬೆಟಗೇರಿ ಈರಪ್ಪ ಕಮ್ಮಾರ. ಅವನ್ನ ಕೇಳ್ರಿ.”

ಅಣ್ಣಂದಿರು ಜೀಪಿನಲ್ಲಿ ಹೋಗಿ, ಮಧ್ಯಾಹ್ನದ ಹೊತ್ತಿಗೆ ಈರಪ್ಪನನ್ನು ಎಳೆದುಕೊಂಡೇ ಬಂದರು. ಅವನ ಮಗಳು ಕಸ್ತೂರಿ ಜೀಪು ಹತ್ತಿ ಜೊತೆಗೇ ಬಂದಿದ್ದಳು. ಆಗ ಅವಳಿಗೆ ಹತ್ತೊಂಬತ್ತು. ಅಪ್ಪನ ಬಳಿಯೇ ವೆಲ್ಡಿಂಗ್ ಕಲಿತವಳು. ಅವಳ ಮುಂಗೈಯಲ್ಲಿ ಕಿಡಿ ಸಿಡಿದ ಕಲೆಗಳಿದ್ದವು.

ಈರಪ್ಪ ಮುರಿದ ತುಂಡನ್ನು ಮುಟ್ಟಿ ನೋಡಿದ.

“ಇದು ನನ್ನ ಕೈ ಅಲ್ಲರಿ. ಮೂಲ್ಯಾಗ ತುಂಡು ಇಲ್ಲ ನೋಡ್ರಿ. ನಂದು ಅಲ್ಲೈತಿ, ಆ ಗಾಡೀಗೆ. ಎರಡೂ ತೂಗಿ ನೋಡ್ರಿ.”

ಅವನು ತೋರಿಸಿದ್ದು ನನ್ನನ್ನು. ಮೆಣಸಿನಕಾಯಿ ನಕ್ಕ.

“ಕೇಳಿದ್ರಿಲ್ಲೋ? ಅದು ತನ್ನದಂತ ತಾನ ಒಪ್ಪಿಕೊಂಡ. ಎರಡೂ ಒಂದ ನಮೂನಿ ಅದಾವಿಲ್ಲೋ? ಅದನ್ನ ಮಾಡಿದಾಂವ ಇದನ್ನೂ ಮಾಡ್ಯಾನ.”

ದೊಡ್ಡ ಅಣ್ಣ ಈರಪ್ಪನ ಕಪಾಳಕ್ಕೆ ಹೊಡೆದ. ಕನ್ನಡಕ ಹಾರಿ ನನ್ನ ಕೆಳಗೆ ಬಿತ್ತು. ಕಸ್ತೂರಿ ಬಗ್ಗಿ ಅದನ್ನು ಎತ್ತಿಕೊಂಡಳು. ಬಗ್ಗಿದಾಗ ಅವಳ ಮುಖ ನನಗೆ ಹತ್ತಿರದಿಂದ ಕಂಡಿತು. ಅವಳು ಅಳುತ್ತಿರಲಿಲ್ಲ. ಅವಳು ನೋಡುತ್ತಿದ್ದುದು ಹೊಡೆದವನನ್ನಲ್ಲ, ಮೇಜಿನ ಹಿಂದೆ ನಿಂತು ನಗುತ್ತಿದ್ದವನನ್ನು.

ನನ್ನ ರೂಪವೇ ನನ್ನನ್ನು ಮಾಡಿದವನ ಕೊರಳಿಗೆ ಬಂತು. ಗದಗದಲ್ಲಿ ಸುದ್ದಿ ಹರಡಿತು. ಈರಪ್ಪನ ಬೆಸುಗೆ ಬಿಡುತ್ತದೆ ಎಂದು ಜನ ಅವನ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಅವನು ಕೈ ಕಟ್ಟಿ ಹೊಸ್ತಿಲ ಮೇಲೆ ಕೂತುಬಿಟ್ಟ. ಮೆಣಸಿನಕಾಯಿ ಮಾತ್ರ, ಆ ಕಮ್ಮಾರನನ್ನು ಬಿಟ್ಟೆ ಎಂದು ಸಾರಿ, ಅಂಗಡಿಯ ಹಿಂದೆ ಶೆಡ್ಡು ಹಾಕಿ ತಾನೇ ಮಾಡಿಸಿ ಮಾರತೊಡಗಿದ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದೇ ಮಾತು: ಇವನು ಬೀಳಬೇಕು. ಮುಂದಿನ ಸಲ ಅವನು ಬೂಟು ಹಾಕಿಕೊಂಡು ನನ್ನ ಮೇಲೆ ಹತ್ತಿದಾಗ ಮುರಿಯಲು ನೋಡಿದೆ. ಇದ್ದ ಶಕ್ತಿಯನ್ನೆಲ್ಲ ಸಡಿಲ ಬಿಡಲು ನೋಡಿದೆ. ಆಗಲಿಲ್ಲ. ಈರಪ್ಪ ನನ್ನ ಒಂದು ಮೂಲೆಯನ್ನೂ ಸಡಿಲ ಬಿಟ್ಟಿರಲಿಲ್ಲ. ನಾಲ್ಕು ವರ್ಷ, ಊರಿಂದೂರಿಗೆ, ನಾನು ನನ್ನ ಶತ್ರುವನ್ನು ಗಟ್ಟಿಯಾಗಿ ಹೊತ್ತು ನಿಂತೆ.

ನಾಲ್ಕು ವರ್ಷದ ಮೇಲೆ ಆ ಶೆಡ್ಡಿಗೆ ಒಬ್ಬಳು ಹೊಸ ವೆಲ್ಡರ್ ಬಂದಳು. ಮುಂಗೈಯ ಕಲೆಗಳನ್ನು ನೋಡಿದೊಡನೆ ಗುರುತು ಹಿಡಿದೆ. ಮೆಣಸಿನಕಾಯಿ ಗುರುತು ಹಿಡಿಯಲಿಲ್ಲ. ಅಂದು ಕನ್ನಡಕ ಎತ್ತಿಕೊಂಡ ಹುಡುಗಿಯನ್ನು ಅವನು ನೋಡಿಯೇ ಇರಲಿಲ್ಲ. ಕಸ್ತೂರಿ ಅಪ್ಪನ ಹೆಸರು ಹೇಳದೆ ಆರು ತಿಂಗಳು ತಲೆ ಬಗ್ಗಿಸಿ ಕೆಲಸ ಮಾಡಿದಳು. ಅವಳ ಕೈಯಿಂದ ಹೋದ ಕ್ಯಾರಿಯರುಗಳಿಗೆ ಅವನ ಕಣ್ಣು ತಪ್ಪಿಸಿ ಮೂಲೆ ತುಂಡು ಹಾಕುತ್ತಿದ್ದಳು. ಹಳೆಯ ದಾಸ್ತಾನು ಮಾತ್ರ ಕಪಾಟಿನಲ್ಲಿ ಹಾಗೇ ಇತ್ತು.

ರಜೆಯ ದಿನ ಅವಳು ಧಾರವಾಡಕ್ಕೆ ಮಂದಾಕಿನಿಯ ಮನೆಗೆ ಹೋಗುತ್ತಿದ್ದಳಂತೆ. ಮೊದಲ ದಿನವೇ, “ನಾ ಈರಪ್ಪ ಕಮ್ಮಾರನ ಮಗಳು” ಎಂದಳಂತೆ. ಮಂದಾಕಿನಿ ಬಾಗಿಲು ಮುಚ್ಚಲು ಹೋದವಳು, ಕಸ್ತೂರಿ ಮೆಣಸಿನಕಾಯಿಯ ಶೆಡ್ಡಿನಿಂದ ತಂದ ಒಂದು ತೆಳು ಕೊಳವೆಯನ್ನು ಬರಿಗೈಯಿಂದ ಬಗ್ಗಿಸಿ ತೋರಿಸಿದಾಗ ತಡೆದು ನಿಂತಳಂತೆ. ಆಮೇಲೆ ಗಂಡ ಗುರುನಾಥನನ್ನೂ ಅವಳೇ ಒಪ್ಪಿಸಿದಳಂತೆ.

ಹುಬ್ಬಳ್ಳಿಯ ಮೈದಾನದಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳ ದೊಡ್ಡ ಕೂಟ ಏರ್ಪಟ್ಟಿತು. ಹಿಂದಿನ ದಿನ ಮಧ್ಯಾಹ್ನ ಮೆಣಸಿನಕಾಯಿ ಊಟಕ್ಕೆ ಹೋದಾಗ ಕಸ್ತೂರಿ ಪಾನಾ ತಂದು ಬೋಲ್ಟು ತಿರುಗಿಸಿ ನನ್ನನ್ನು ಬಿಚ್ಚಿದಳು. ಕಪಾಟಿನಿಂದ, ಮಾರಾಟಕ್ಕಿಟ್ಟಿದ್ದ ಒಂದನ್ನು ತೆಗೆದು ನನ್ನ ಜಾಗಕ್ಕೆ ಬಿಗಿದಳು. ಅದಕ್ಕೆ ಅವಳು ಗರಗಸ ಮುಟ್ಟಿಸಲಿಲ್ಲ, ಒಂದು ಬೆಸುಗೆಯನ್ನೂ ಕೆರೆಯಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಬಿಗಿದಳು. ನನ್ನನ್ನು ಗೋಣಿಯಲ್ಲಿ ಸುತ್ತಿ ಗುರುನಾಥನ ಗಾಡಿಗೆ ಸೇರಿಸಿದಳು.

ಮರುದಿನ ಬೆಳಿಗ್ಗೆ ಮೈದಾನ ತುಂಬಿತ್ತು. ಎರಡು ಮಾರು ದೂರದಲ್ಲಿ, ಗುರುನಾಥನ ಗಾಡಿಯ ಹಿಂಭಾಗಕ್ಕೆ ಬಿಗಿಸಿಕೊಂಡು ನಾನಿದ್ದೆ. ಮಂದಾಕಿನಿ ಊರುಗೋಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಮೆಣಸಿನಕಾಯಿ ಮೈಕು ಹಿಡಿದು ಹತ್ತಿದ. ಒಂದು ಕಾಲು. ಎರಡನೆಯ ಕಾಲು.

“ಇದು ಮುರದ್ರ ನನ್ನ ಹೆಸರು ಬ್ಯಾರೆ ಇಡ್ರಿ!”

ಅವನು ಹುಮ್ಮಸ್ಸಿನಲ್ಲಿ ಒಮ್ಮೆ ಕುಪ್ಪಳಿಸಿದ. ಟಕ್ ಎಂದಿತು. ಆ ಸದ್ದಿನಷ್ಟು ಸಿಹಿಯಾದದ್ದನ್ನು ನಾನು ಕೇಳಿಲ್ಲ. ಮೂಲೆ ಕಿತ್ತು ಬಂತು, ಚೌಕಟ್ಟು ಮಡಿಚಿತು, ಅವನ ಬಲಗಾಲು ಅದರ ನಡುವೆ ಸಿಕ್ಕಿ, ಮೈ ಇನ್ನೊಂದು ಕಡೆಗೆ ಬಿತ್ತು. ಮೈಕು ಅವನ ಕೈಯಲ್ಲೇ ಇತ್ತು. ಅವನ ಕೂಗು ಇಡೀ ಮೈದಾನಕ್ಕೆ ಕೇಳಿಸಿತು.

ಜನ ಓಡಿ ಬಂದು ಕಾಲು ಬಿಡಿಸಿದರು. ಮಂದಾಕಿನಿ ಊರುಗೋಲು ಊರುತ್ತ ಅವನ ಮುಂದೆ ಬಂದು ನಿಂತಳು.

“ಹ್ಯಾಂಗಾತ್ರಿ? ನಾ ಬಿದ್ದಾಗ ಕೆಳಗ ಡಾಂಬರ್ ಇತ್ತು. ನಿಮಗ ಹುಲ್ಲರೆ ಐತಿ.”

ಅವನ ಕಣ್ಣು ಕಸ್ತೂರಿಯ ಮೇಲೆ ಬಿತ್ತು. “ನೀನ ಬದಲ್ ಮಾಡೀದಿ! ಇದು ನಂದಲ್ಲ!”

ಕಸ್ತೂರಿ ಬಿದ್ದಿದ್ದ ಮೈಕನ್ನು ಎತ್ತಿಕೊಂಡಳು.

“ಹೌದ್ರಿ, ಬದಲ್ ಮಾಡೀನಿ. ನೀವು ಮಂದಿಗೆ ಕೊಡೋದನ್ನ ನಿಮಗ ಕೊಟ್ಟೀನಿ. ನೀವು ದಿನಾ ನಿಂದ್ರತಿದ್ದದ್ದು ಅಲ್ಲೈತಿ. ಅದನ್ನ ಮಾಡಿದಾಂವ ನಮ್ಮಪ್ಪ, ಬೆಟಗೇರಿ ಈರಪ್ಪ ಕಮ್ಮಾರ. ಅನುಮಾನ ಇದ್ದಾವ್ರು ಬಂದು ಹತ್ತಿ ನೋಡ್ರಿ.”

ಅಂದು ಎಷ್ಟು ಜನ ನನ್ನ ಮೇಲೆ ಹತ್ತಿ ನಿಂತರೋ ಲೆಕ್ಕವಿಲ್ಲ. ಒಬ್ಬೊಬ್ಬರನ್ನೂ ಸಂತೋಷದಿಂದ ಹೊತ್ತೆ. ಈರಪ್ಪನಿಗೆ ಹೊಡೆದ ಆ ದೊಡ್ಡ ಅಣ್ಣನೂ ಹತ್ತಿದ. ಇಳಿದ ಮೇಲೆ ಯಾರ ಮುಖವನ್ನೂ ನೋಡದೆ ಹೋಗಿಬಿಟ್ಟ. ಮಂದಾಕಿನಿ ಅವನನ್ನು ಮರುವಾರ ಬೆಟಗೇರಿಗೆ ಕರೆತಂದು ಈರಪ್ಪನ ಮುಂದೆ ಕೈ ಮುಗಿಸಿದಳು. ಕ್ಯಾರಿಯರ್ ಕೊಂಡವರೆಲ್ಲ ಅದನ್ನು ಬಿಚ್ಚಿ ತಂದು ಮೆಣಸಿನಕಾಯಿಯ ಅಂಗಡಿಯ ಮುಂದೆ ಒಗೆದರು. ವರ್ಷ ತುಂಬುವುದರೊಳಗೆ ಅಂಗಡಿಗೆ ಬೀಗ ಬಿತ್ತು.

ಕೂಟದ ಸಂಜೆಯೇ ಕಸ್ತೂರಿ ನನ್ನನ್ನು ಮನೆಗೆ ತಂದು ಅಪ್ಪನ ಮಡಿಲಿಗಿಟ್ಟಿದ್ದಳು. ಈರಪ್ಪ ನನ್ನ ಮೂಲೆ ಮೂಲೆಯನ್ನೂ ಸವರಿದ. ಮಗಳು ಎಲ್ಲವನ್ನೂ ಹೇಳಿದಳು. ಹೊಗಳುತ್ತಾನೆ ಎಂದು ಕಾದಳು.

“ಅವನ ಕಾಲು?” ಎಂದ ಈರಪ್ಪ.

“ಕೀಲು ಪುಡಿ ಆಗೈತಂತ.”

“ಮುರೀತೈತಿ ಅಂತ ನಿನಗ ಗೊತ್ತಿತ್ತು.”

“ಗೊತ್ತಿತ್ತು.”

ಅವನು ನನ್ನನ್ನು ಮಡಿಲಿನಿಂದ ಇಳಿಸಿ ಊಟಕ್ಕೆ ಎದ್ದ. ಆದರೆ ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ನಾಲ್ಕೂವರೆ ವರ್ಷದ ದೂಳು ಗುಡಿಸಿದ.

ಈಗ ನಾನು ಅದೇ ಅಂಗಡಿಯ ಗೋಡೆಯಲ್ಲಿ ಮೊಳೆಗೆ ತೂಗುತ್ತಿದ್ದೇನೆ. ಹಳೆಯ ಗಾಡಿಯವರು ದೂರದೂರದಿಂದ ಬರುತ್ತಾರೆ. ಕಸ್ತೂರಿ ದಾರದಿಂದ ಅಳೆಯುತ್ತಾಳೆ. ಈರಪ್ಪ ಕುರ್ಚಿಯಲ್ಲಿ ಕೂತು ಸದ್ದಿನಿಂದಲೇ ಬೆಸುಗೆ ಹೇಗಿದೆ ಎಂದು ಹೇಳುತ್ತಾನೆ. ನನ್ನ ಕಾಲಿಗೆ ತುಕ್ಕು ಹತ್ತಿದೆ.

ಹೋದ ತಿಂಗಳು ಒಂದು ಹಳೆಯ ಮೋಟಾರ್ ಸೈಕಲ್ ಬಾಗಿಲ ಮುಂದೆ ನಿಂತಿತು. ಇಳಿದವನು ಬಲಗಾಲು ಎಳೆದುಕೊಂಡು ಬಂದ. ತೂಕ ಇಳಿದಿತ್ತು, ಕಾಲಲ್ಲಿ ರಬ್ಬರ್ ಚಪ್ಪಲಿ. ಎಂಜಿನ್ ಆಯಿಲ್ ಡಬ್ಬಿಗಳನ್ನು ಗ್ಯಾರೇಜುಗಳಿಗೆ ಹೊತ್ತು ಮಾರುತ್ತಾನಂತೆ. ಡಬ್ಬಿಗಳನ್ನು ಸೀಟಿನ ಹಿಂದೆ ಹಗ್ಗದಿಂದ ಕಟ್ಟಿದ್ದ.

“ಕಸ್ತೂರಿ, ಒಂದು ಕ್ಯಾರಿಯರ್ ಮಾಡಿ ಕೊಡವಾ. ಈ ಗಾಡಿಗೆ ಎಲ್ಲೂ ಸಿಗವಲ್ದು” ಎಂದ ಸುರೇಂದ್ರ ಮೆಣಸಿನಕಾಯಿ.

ಅವಳು ಮುಖಕ್ಕೆ ಹಿಡಿದಿದ್ದ ಗಾಜನ್ನು ಕೆಳಗಿಳಿಸಿದಳು. “ನಿಮಗ ನಾ ಮಾಡಂಗಿಲ್ಲ.”

“ಆದದ್ದು ಆಗಿ ಹೋತು...”

“ಮಂದಾಕಿನಕ್ಕ ಇನ್ನೂ ಕೋಲು ಊರಕೊಂಡ ನಡೀತಾಳ. ಏನು ಆಗಿ ಹೋತು? ಹೋಗ್ರಿ.”

ಅವನು ನನ್ನ ಕಡೆ ಒಮ್ಮೆ ನೋಡಿದ. ತಿರುಗಿ ಹೋಗಿ ಗಾಡಿ ಹತ್ತಿದ. ಡಬ್ಬಿಗಳು ಒಂದು ಪಕ್ಕಕ್ಕೆ ಜಾರಿ ಗಡಗಡ ಎಂದವು. ಬೀಳಲಿ ಎಂದುಕೊಂಡೆ. ನಡುರಸ್ತೆಯಲ್ಲಿ ಬೀಳಲಿ.

“ಕಸ್ತೂರಿ” ಎಂದ ಈರಪ್ಪ, ಕೂತಲ್ಲಿಂದಲೇ. “ಹಗ್ಗ ಸಡಲ ಐತಿ. ಬಿಗದು ಕಳಸು.”

“ಅವಗ ಯಾಕಪ್ಪಾ?”

“ಅವಗಲ್ಲ. ಹಿಂದ ಬರೋ ಗಾಡ್ಯಾವ್ರಿಗೆ.”

ಅವಳು ಕೈಯಲ್ಲಿದ್ದ ಗಾಜನ್ನು ಮೇಜಿನ ಮೇಲೆ ಕುಕ್ಕಿದಳು. ಆಮೇಲೆ ದಡದಡ ಹೋಗಿ, ಅವನ ಮುಖ ನೋಡದೆ, ಹಗ್ಗವನ್ನು ಎರಡು ಸುತ್ತು ಹೆಚ್ಚು ಸುತ್ತಿ, ಮೊಣಕಾಲು ಕೊಟ್ಟು ಎಳೆದು ಗಂಟು ಹಾಕಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಒಳಗೆ ಬಂದಿದ್ದಳು.

ಗಾಡಿ ತಿರುವು ದಾಟುವ ತನಕ ನಾನು ನೋಡುತ್ತಲೇ ಇದ್ದೆ. ಒಂದು ಡಬ್ಬಿಯೂ ಬೀಳಲಿಲ್ಲ. ಈರಪ್ಪ ದೊಡ್ಡವನು, ಅವನ ಮಗಳೂ ಅವನ ಹಾದಿ ಹಿಡಿಯುತ್ತಿದ್ದಾಳೆ. ಆದರೆ ನಾನು ಕಬ್ಬಿಣ. ಅದು ಬೀಳಲಿಲ್ಲ ಎಂದು ನನಗೆ ಈಗಲೂ ಬೇಜಾರಿದೆ.